ಬಿದ್ದ ಮರಗಳ ದಿಕ್ಕು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೆನ್ನೈಗೆ ಸಿಗುವ ಮಳೆಯಲ್ಲಿ ಬಹುಪಾಲು ಸಂಜೆ ಮತ್ತು ರಾತ್ರಿಯ ಮಳೆ. ಮಧ್ಯಾಹ್ನದ ಕಾವಿಗೆ ಚಿತ್ತೂರು, ತಿರುತ್ತಣಿ ಕಡೆ ಎದ್ದ ಗುಡುಗುಮೋಡಗಳು ಕತ್ತಲಾದ ಮೇಲೆ ಪೂರ್ವಕ್ಕೆ ಸರಿದು ಕಡಲ ಕಡೆ ಬರುತ್ತವೆ. ಕೆಲವು ರಾತ್ರಿ, ಬರುವ ದಾರಿಯಲ್ಲಿ ತಿರುವಳ್ಳೂರು, ಕಾಂಚೀಪುರಂ ಜಿಲ್ಲೆಗಳ ಹಳ್ಳಿಗಳಲ್ಲಿ ಐದು ನಿಮಿಷ ಬೀಸಿದ ಗಾಳಿಗೆ ಬಾಳೆತೋಟ ಮಲಗುತ್ತದೆ, ದನದ ಕೊಟ್ಟಿಗೆಯ ಶೀಟು ಹಾರುತ್ತದೆ, ಕರೆಂಟು ಕಂಬ ಉರುಳುತ್ತದೆ. ಬೆಳಿಗ್ಗೆ ಊರವರು ಸುಂಟರಗಾಳಿ ಬಂತು ಎನ್ನುತ್ತಾರೆ. ಬಲ್ಲವರು, ಅದು ಬರೀ ಗುಡುಗುಮಳೆಯ ಬಿರುಗಾಳಿ ಎಂದು ತಳ್ಳಿಹಾಕುತ್ತಾರೆ. ಯಾರ ಮಾತು ನಿಜ ಎನ್ನುವುದಕ್ಕೆ ಉಳಿದಿರುವ ಸಾಕ್ಷಿ ಬಿದ್ದ ಮರಗಳು ಮಾತ್ರ. ಅವನ್ನು ಓದದೆಯೇ ಕಡಿದು ಸಾಗಿಸುತ್ತೇವೆ ಎಂಬುದೇ ನನ್ನ ತಕರಾರು.

ರಾಡಾರ್ ಇದೆಯಲ್ಲ ಎನ್ನಬಹುದು. ದೇಶದ ಮೊದಲ ಡಾಪ್ಲರ್ ಹವಾಮಾನ ರಾಡಾರ್ 2002ರಲ್ಲಿ ಬಂದದ್ದು ಚೆನ್ನೈಗೇ. ಆದರೆ ಭೂಮಿ ಗುಂಡಗಿದೆ. ಅರ್ಧ ಡಿಗ್ರಿ ಎತ್ತಿ ಬಿಟ್ಟ ಕಿರಣ 100 ಕಿಲೋಮೀಟರ್ ಸಾಗುವಷ್ಟರಲ್ಲಿ ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲಿರುತ್ತದೆ. ಒಂದು ಡಿಗ್ರಿ ಅಗಲದ ಕಿರಣವಾದರೆ ಅಲ್ಲಿ ಒಂದೂಮುಕ್ಕಾಲು ಕಿಲೋಮೀಟರ್‌ನಷ್ಟು ಹರಡಿಕೊಂಡಿರುತ್ತದೆ. ದುರ್ಬಲ ಸುಂಟರಗಾಳಿ ಎಷ್ಟೋ ಸಲ ನೂರು ಮೀಟರ್ ಅಗಲವೂ ಇರುವುದಿಲ್ಲ, ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕಿರಣದ ಕೆಳಗೆ ಹುಟ್ಟಿ ಅಲ್ಲೇ ಸಾಯುವ ಈ ಸುಳಿಯನ್ನು ರಾಡಾರ್ ಕಾಣದಿದ್ದರೆ ತಪ್ಪು ಅದರದ್ದಲ್ಲ. ಇನ್ನುಳಿದದ್ದು ಮನುಷ್ಯರ ಕಣ್ಣು. 2023ರ ಮಾರ್ಚ್‌ನಲ್ಲಿ ಪಂಜಾಬಿನ ಫಾಜಿಲ್ಕಾ ಜಿಲ್ಲೆಯಲ್ಲಿ, 2024ರ ಮಾರ್ಚ್ 31ರಂದು ಬಂಗಾಳದ ಮೈನಾಗುಡಿಯಲ್ಲಿ ಬೀಸಿದ ಸುಂಟರಗಾಳಿಗಳು ಹಾಡುಹಗಲಿನವು. ರಾತ್ರಿ ಎರಡು ಗಂಟೆಗೆ ಕರೆಂಟು ಹೋದ ಹಳ್ಳಿಯಲ್ಲಿ ಯಾರು ಮೊಬೈಲ್ ಹಿಡಿದು ನಿಲ್ಲುತ್ತಾರೆ? ಹಗಲು ಕಂಡದ್ದಷ್ಟೇ ದಾಖಲೆಗೆ ಹತ್ತಿದರೆ, ರಾತ್ರಿ ಏನೂ ನಡೆಯುವುದಿಲ್ಲವೆಂದು ನಂಬಿಬಿಡುತ್ತೇವೆ.

ಮರ ಓದುವ ವಿದ್ಯೆಗೆ ಗುರು ಜಪಾನಿನ ಟೆಟ್ಸುಯ ಫುಜಿಟಾ. ಸುಂಟರಗಾಳಿಯ ಬಲ ಅಳೆಯುವ ಎಫ್ ಮಾಪಕ 1971ರಲ್ಲಿ ಅವರು ಕೊಟ್ಟದ್ದು. 1945ರಲ್ಲಿ ಬಾಂಬ್ ಬಿದ್ದ ನಾಗಸಾಕಿಯನ್ನು ಪರೀಕ್ಷಿಸಲು ಹೋದಾಗ, ಸ್ಫೋಟದ ಕೆಳಗಿನ ಬಿಂದುವಿನಿಂದ ಮರಗಳು ಸುತ್ತಲೂ ಹೊರಮುಖವಾಗಿ ಬಿದ್ದದ್ದನ್ನು ಅವರು ಗಮನಿಸಿದ್ದರು. ಅಮೆರಿಕದಲ್ಲಿ 1974ರ ಏಪ್ರಿಲ್‌ನ ಸುಂಟರಗಾಳಿ ಸರಣಿಯ ನಂತರ ವಿಮಾನದಿಂದ ಕಾಡು ನೋಡುವಾಗ ಕೆಲವೆಡೆ ಅದೇ ಚಿತ್ತಾರ ಕಂಡಿತು. ಅಲ್ಲಿ ಬೀಸಿದ್ದು ಸುತ್ತುವ ಗಾಳಿಯಲ್ಲ; ಮೋಡದಿಂದ ತಣ್ಣಗೆ ಕುಸಿದ ಗಾಳಿ, ಅಂಗಳಕ್ಕೆ ಸುರಿದ ಕೊಡದ ನೀರಿನಂತೆ ಎಲ್ಲ ಕಡೆಗೂ ಹರಡಿತ್ತು. ಇದೇ ಡೌನ್‌ಬರ್ಸ್ಟ್. ಸುಂಟರಗಾಳಿ ಹಾದಲ್ಲಿ ಹಾಗಲ್ಲ: ಕಿರಿದಾದ ಒಂದು ಪಟ್ಟಿ, ಅದರ ಎರಡೂ ಬದಿಯ ಮರಗಳ ತುದಿ ಒಳಮುಖ, ಕೆಲವು ಒಂದರ ಮೇಲೊಂದು ಅಡ್ಡ. ಚೆನ್ನೈ ಸುತ್ತಿನ ಕರಾವಳಿಯ ಗಾಳಿಮರದ ತೋಪುಗಳು ಈ ಓದಿಗೆ ಹೇಳಿ ಮಾಡಿಸಿದಂತಿವೆ. ಒಂದೇ ವಯಸ್ಸಿನ, ಒಂದೇ ಅಂತರದಲ್ಲಿ ನೆಟ್ಟ ಸಾಲುಗಳು.

ಮರ ಬೀಳುವುದು ಗಾಳಿಯಿಂದಷ್ಟೇ ಅಲ್ಲ, ಬೇರು ಕೊಳೆತಿರಬಹುದು, ನೆಲ ತೊಯ್ದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಒಂಟಿ ಮರ ಸುಳ್ಳು ಹೇಳುತ್ತದೆ. ನೂರು ಮರಗಳ ತೋಪು ಅಷ್ಟು ಸುಲಭವಾಗಿ ಹೇಳುವುದಿಲ್ಲ. ಇನ್ನೊಂದು ಮಾತು, ಚೆನ್ನೈಯಲ್ಲಿ ಸುಂಟರಗಾಳಿ ಎಲ್ಲಿಂದ ಬಂತು ಎಂಬುದು. ನನಗೂ ಅನಿಸುವುದು, ಈ ರಾತ್ರಿಗಾಳಿಗಳಲ್ಲಿ ಬಹುತೇಕ ಡೌನ್‌ಬರ್ಸ್ಟ್‌ಗಳೇ. ಆದರೆ ಅನಿಸಿಕೆ ದಾಖಲೆಯಾಗದು. ಚಂಡಮಾರುತದ ಹೊರಸುತ್ತಿನ ಮೋಡಗಳಲ್ಲಿ ಸಣ್ಣ ಸುಂಟರಗಾಳಿ ಹುಟ್ಟುವುದು ಲೋಕವೆಲ್ಲ ಬಲ್ಲ ಸಂಗತಿ. 2021ರ ಮೇ ತಿಂಗಳಲ್ಲಿ ಯಾಸ್ ಚಂಡಮಾರುತ ಕರೆಗೆ ಬರುವ ಹಿಂದಿನ ದಿನ ಬಂಗಾಳದ ಚುಂಚುಡಾ, ಹಾಲಿಶಹರಗಳಲ್ಲಿ ಹಾಗೇ ಆಯಿತು. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಗೆ ಅಪ್ಪಳಿಸಿದಾಗ ಒಂದು ಸುಳಿ ಯಾವುದೋ ತೋಪಿನಲ್ಲಿ ಹಾದಿದ್ದರೂ ಆ ನಷ್ಟವೆಲ್ಲ ವರ್ಧಾ ಲೆಕ್ಕಕ್ಕೇ ಸೇರಿರುತ್ತಿತ್ತು.

ಬಾಳೆ ಹೋದ ರೈತನಿಗೆ ಗಾಳಿ ನೆಟ್ಟಗೆ ಬಂದರೇನು, ಸುತ್ತಿ ಬಂದರೇನು? ಇದು ಗಟ್ಟಿ ಪ್ರಶ್ನೆ. ಅಮೆರಿಕದ ಈಗಿನ ಸುಂಟರಗಾಳಿ ಮಾಪಕದಲ್ಲಿ ಅತಿ ದುರ್ಬಲ ದರ್ಜೆಯೇ ಗಂಟೆಗೆ ಸುಮಾರು 105 ಕಿಲೋಮೀಟರ್‌ನಿಂದ ಶುರು. ಬಾಳೆಗೆ ಅಷ್ಟೂ ಬೇಡ. ಆದರೂ ವ್ಯತ್ಯಾಸವಿದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಗುರುತಿಸಿದ ಹನ್ನೆರಡು ವಿಪತ್ತುಗಳಲ್ಲಿ ಚಂಡಮಾರುತವಿದೆ, ಆಲಿಕಲ್ಲು ಮಳೆಯಿದೆ, ಹಿಮಕುಸಿತವೂ ಇದೆ, ಸುಂಟರಗಾಳಿಯ ಹೆಸರಿಲ್ಲ. ರಾಜ್ಯ ತಾನೇ ಸ್ಥಳೀಯ ವಿಪತ್ತೆಂದು ಘೋಷಿಸಿದರೆ ನಿಧಿಯ ಶೇ. 10ರವರೆಗೆ ಬಳಸಬಹುದು, ಆದರೆ ದಾಖಲೆಯಾದ ಘಟನೆಗಳಿಲ್ಲದೆ ಅಂಥ ನೆರವು ಕೇಳುವುದು ಕಷ್ಟ. ಮುನ್ಸೂಚನೆಯದೂ ಇದೇ ಕತೆ. ಮೂರು ಗಂಟೆ ಮುಂಚಿನ ಎಚ್ಚರಿಕೆಗೆ ಗುಡುಗುಮೋಡಗಳ ಸಾಲು ಸಿಗುತ್ತದೆ, ಸುಳಿ ಸಿಗದು. ಎಂಥ ಮೋಡ ಸುಳಿ ಹುಟ್ಟಿಸಿತು ಎಂದು ಹಿಂದಿನ ರಾಡಾರ್ ಚಿತ್ರಗಳಲ್ಲಿ ಹುಡುಕಲು ಜಾಗ, ಹೊತ್ತು ಎರಡೂ ಖಚಿತವಿರಬೇಕು. ಇದಕ್ಕೆ ವಿಜ್ಞಾನಿಗಳ ತಂಡ ಓಡಿ ಬರಬೇಕಿಲ್ಲ. ನಷ್ಟದ ಲೆಕ್ಕಕ್ಕೆ ಹೇಗೂ ಬರುವ ಗ್ರಾಮ ಆಡಳಿತಾಧಿಕಾರಿ, ಗರಗಸ ಬರುವ ಮೊದಲು, ಪ್ರತಿ ಮರದ ಬುಡದಲ್ಲಿ ನಿಂತು ತುದಿಯ ಕಡೆಗೆ ಒಂದು ಫೋಟೊ ತೆಗೆದು, ಮೊಬೈಲಿನ ದಿಕ್ಸೂಚಿಯ ಅಂಕಿಯನ್ನು ನಷ್ಟದ ನಮೂನೆಯಲ್ಲೇ ಬರೆದುಕೊಂಡರೆ ಸಾಕು.