ತುಳಸಿ ಬಾಡಿದರೆ

ಸಣ್ಣ ಡಬ್ಬಿಯ ತುಳಸಿಯನ್ನು ನಾವು ದೊಡ್ಡ ಕುಂಡಕ್ಕೆ ಹಚ್ಚುತ್ತೇವೆ. ಮರುದಿನ ಎಲೆ ಜೋತು ಬೀಳುತ್ತವೆ. ಅಪಶಕುನ ಅಂತಾರೆ. ಸೊಸೆಯ ಕಾಲ್ಗುಣ ಅನ್ನೋರೂ ಇದ್ದಾರೆ! ಯಾವ ಕಾಲ್ಗುಣವೂ ಅಲ್ಲ. ಕೀಳುವಾಗ ಕೂದಲಿನಂಥ ಬೇರು ಹರಿಯುತ್ತವೆ. ನೀರು ಕುಡಿಯುವುದು ಆ ಬೇರುಗಳೇ. ಎಲೆಗೆ ನೀರು ಸಾಲದು, ಬಾಡುತ್ತವೆ.

ಹಾಗಂತ ಕೊಡಗಟ್ಟಲೆ ನೀರು ಸುರೀಬ್ಯಾಡಿ ಅಕ್ಕಾ. ಮುಡಬಿ ಕಡೆಯ ಎರೆಮಣ್ಣು ನೀರು ಹಿಡಿದಿಡುತ್ತದೆ. ಗಾಳಿ ಸಿಗದೆ ಬೇರು ಕೊಳೀತದೆ. ಕುಂಡದ ತಳಕ್ಕೆ ತೂತು ಇರಲಿ. ಮಣ್ಣಿಗೆ ಬೆರಳು ಊರಿ ನೋಡಿ. ಒಂದು ಗೆಣ್ಣಿನಷ್ಟು ಒಣಗಿದ್ದರೆ ಮಾತ್ರ ನೀರು ಹಾಕಿ.

ಒಂದು ವಾರ ನೆರಳಲ್ಲಿಡಿ. ತೆನೆ ಚಿವುಟಿ ತೆಗೆಯಿರಿ. ಗೊಬ್ಬರ ಈಗಲೇ ಬ್ಯಾಡ. ಜೀವ ಇದೆಯೋ ಇಲ್ಲವೋ ಅನ್ನೋ ಅನುಮಾನವೇ? ಕಾಂಡವನ್ನು ಉಗುರಿನಿಂದ ತುಸು ಕೆರೆಯಿರಿ. ಒಳಗೆ ಹಸಿರಿದ್ದರೆ ಗಿಡ ಬದುಕಿದೆ. ಚಿಗುರು ಬಂದ ಮೇಲೆ ಮುಂಜಾನೆಯ ಬಿಸಿಲಿಗೆ ಇಡಿ.