ಕಂಪೆನಿ ಬರುವುದಾದರೆ ತೆರಿಗೆ ಬಿಡಬೇಕೆ?

ನ್ಯೂಯಾರ್ಕ್ ನಗರದ ಕ್ವೀನ್ಸ್ ವಿಭಾಗದಲ್ಲಿ, ಈಸ್ಟ್ ನದಿಯ ದಡಕ್ಕೆ ಅಂಟಿಕೊಂಡಂತೆ ಲಾಂಗ್ ಐಲೆಂಡ್ ಸಿಟಿ ಎಂಬ ಬಡಾವಣೆಯಿದೆ. ಒಂದು ಕಾಲಕ್ಕೆ ಅದು ಕಾರ್ಖಾನೆ, ಗೋದಾಮುಗಳ ಜಾಗ. ಇತ್ತೀಚಿನ ದಶಕಗಳಲ್ಲಿ ಅಲ್ಲಿ ಮುಗಿಲೆತ್ತರದ ವಸತಿ ಕಟ್ಟಡಗಳು ಎದ್ದಿವೆ. ಅಲ್ಲಿಂದ ನಡೆದೇ ಹೋಗುವಷ್ಟು ದೂರದಲ್ಲಿ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿ ಸಮುಚ್ಚಯವಿದೆ. ಕಡಿಮೆ ಆದಾಯದವರಿಗಾಗಿ ಕಟ್ಟಿದ ಇಂಥ ಸಮುಚ್ಚಯಗಳಲ್ಲಿ ಇಡೀ ಅಮೆರಿಕಕ್ಕೆ ಇದೇ ದೊಡ್ಡದು.

2018ರ ನವೆಂಬರ್ 13ರಂದು ಈ ಬಡಾವಣೆಯ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅಂತರಜಾಲ ವ್ಯಾಪಾರದ ದೈತ್ಯ ಸಂಸ್ಥೆ ಅಮೆಜಾನ್ ತನ್ನ ಎರಡನೆಯ ಪ್ರಧಾನ ಕಚೇರಿಯ ಅರ್ಧ ಭಾಗವನ್ನು ಇಲ್ಲಿ ತೆರೆಯುವುದಾಗಿ ಘೋಷಿಸಿತ್ತು. 25,000 ಜನರಿಗೆ ಕೆಲಸ. ವರ್ಷಕ್ಕೆ ಸರಾಸರಿ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿದ ಸಂಬಳ. ಇದಕ್ಕೆ ಪ್ರತಿಯಾಗಿ ರಾಜ್ಯ ಮತ್ತು ನಗರ ಆಡಳಿತಗಳು ಸೇರಿ ಸುಮಾರು 300 ಕೋಟಿ ಡಾಲರುಗಳಷ್ಟು ತೆರಿಗೆ ರಿಯಾಯಿತಿ ಮತ್ತು ಸಹಾಯಧನ ಕೊಡುವುದೆಂದು ಮಾತಾಗಿತ್ತು. ಮೂರೇ ತಿಂಗಳು ಕಳೆದವು. 2019ರ ಫೆಬ್ರವರಿ 14ರಂದು ಅದೇ ಕಂಪೆನಿ, ತಾನು ಬರುವುದಿಲ್ಲವೆಂದು ಹೇಳಿ ಹಿಂದೆ ಸರಿಯಿತು.

ಅಂದು ಕೆಲವರು ಗೆದ್ದೆವೆಂದು ಸಂಭ್ರಮಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮತ್ತೆ ಕೆಲವರು ನೊಂದುಕೊಂಡರು. ಇಬ್ಬರೂ ಒಂದೇ ಊರಿನವರು. ಅವರ ನಡುವಿನ ಜಗಳ ಬರಿಯ ಒಂದು ಕಂಪೆನಿಯದಲ್ಲ. ದೊಡ್ಡ ಉದ್ಯಮವನ್ನು ಊರಿಗೆ ಕರೆತರಲು ಜನರಿಗೆ ಸೇರಬೇಕಾದ ತೆರಿಗೆಯನ್ನು ಬಿಟ್ಟುಕೊಡಬೇಕೆ? ಕೊಡುವುದಾದರೆ ಎಷ್ಟು, ಯಾವ ಷರತ್ತಿನ ಮೇಲೆ, ಯಾರನ್ನು ಕೇಳಿ? ಕೆಲಸ ಹುಡುಕುವ ಮಕ್ಕಳಿರುವ ಪ್ರತಿಯೊಂದು ಮನೆಗೂ ಸಂಬಂಧಿಸಿದ ಪ್ರಶ್ನೆ ಇದು.

ಊರುಗಳ ಸ್ವಯಂವರ

ಕಥೆ ಆರಂಭವಾದದ್ದು 2017ರ ಸೆಪ್ಟೆಂಬರಿನಲ್ಲಿ. ಸಿಯಾಟಲ್ ನಗರದಲ್ಲಿರುವ ತನ್ನ ಪ್ರಧಾನ ಕಚೇರಿಗೆ ಸರಿಸಮನಾದ ಇನ್ನೊಂದು ಕಚೇರಿ ಬೇಕೆಂದು ಅಮೆಜಾನ್ ಸಾರಿತು. 500 ಕೋಟಿ ಡಾಲರ್ ಬಂಡವಾಳ, 50,000 ಉದ್ಯೋಗ ಎಂದಿತು. ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ ಮಹಾನಗರ ಪ್ರದೇಶ, ಹತ್ತಿರದಲ್ಲಿ ವಿಮಾನ ನಿಲ್ದಾಣ, ಒಳ್ಳೆಯ ಸಾರಿಗೆ, ಕಲಿತ ಕೆಲಸಗಾರರು ಬೇಕೆಂಬುದು ಅದರ ಬೇಡಿಕೆ. ಯಾವ ಯಾವ ರಿಯಾಯಿತಿ ಕೊಡುವಿರಿ ಎಂಬುದನ್ನೂ ಬರೆದು ತಿಳಿಸಬೇಕಿತ್ತು.

ಅಮೆರಿಕ, ಕೆನಡಾ, ಮೆಕ್ಸಿಕೊಗಳಿಂದ 238 ಪ್ರಸ್ತಾವಗಳು ಬಂದವು. ಅರಿಜೋನಾದ ಟೂಸಾನ್ ಕಡೆಯವರು 21 ಅಡಿ ಎತ್ತರದ ಕಳ್ಳಿಗಿಡವನ್ನೇ ಲಾರಿಯಲ್ಲಿ ಹೇರಿ ಉಡುಗೊರೆಯಾಗಿ ಕಳಿಸಿದರು. ಜಾರ್ಜಿಯಾದ ಸ್ಟೋನ್‌ಕ್ರೆಸ್ಟ್ ಎಂಬ ಸಣ್ಣ ಪಟ್ಟಣ ತನ್ನ 345 ಎಕರೆ ನೆಲವನ್ನು ಬೇರೆ ಮಾಡಿ ಅದಕ್ಕೆ 'ಅಮೆಜಾನ್' ಎಂದೇ ಹೆಸರಿಡಲು ಮುಂದಾಯಿತು. ನ್ಯೂಜೆರ್ಸಿಯ ನ್ಯೂಅರ್ಕ್ ನಗರದ ಪರವಾಗಿ 700 ಕೋಟಿ ಡಾಲರುಗಳ ಆಸೆ ತೋರಿಸಲಾಯಿತು. ಮೇರಿಲ್ಯಾಂಡ್ ರಾಜ್ಯ ತೆರಿಗೆ ರಿಯಾಯಿತಿ, ಸಾರಿಗೆ ಸೌಕರ್ಯ ಎಲ್ಲ ಸೇರಿಸಿ 850 ಕೋಟಿ ಎಂದಿತು.

ಕೊನೆಗೆ ಹಾರ ಬಿದ್ದದ್ದು ಯಾರ ಕೊರಳಿಗೆ? ಒಂದು ನ್ಯೂಯಾರ್ಕ್. ಇನ್ನೊಂದು ರಾಜಧಾನಿ ವಾಷಿಂಗ್ಟನ್ನಿನ ಮಗ್ಗುಲಿಗಿರುವ ವರ್ಜೀನಿಯದ ಆರ್ಲಿಂಗ್ಟನ್. ಎರಡು ಕಡೆಗೂ ತಲಾ 25,000 ಉದ್ಯೋಗ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪೊಟೊಮ್ಯಾಕ್ ನದಿಯ ಆ ದಡದ ಮೇರಿಲ್ಯಾಂಡ್ 850 ಕೋಟಿ ಕೊಡುತ್ತೇನೆಂದು ಸೋತಿತು. ಈ ದಡದ ವರ್ಜೀನಿಯ ನೇರ ಸಹಾಯಧನವೆಂದು 57.3 ಕೋಟಿಯಷ್ಟನ್ನೇ ಹೇಳಿ ಗೆದ್ದಿತು. ಅತಿ ಹೆಚ್ಚು ಕೂಗಿದವರಿಗೆ ಮಾಲು ಸಿಗುವ ಹರಾಜು ಇದಲ್ಲವೆಂಬುದು ಅಲ್ಲಿಗೇ ಗೊತ್ತಾಯಿತು.

ತೆರಿಗೆ ಬಿಡುವುದೆಂದರೇನು?

ಪೇಟೆ ಬೀದಿಯಲ್ಲಿ ಒಬ್ಬರು ವಾಣಿಜ್ಯ ಸಂಕೀರ್ಣ ಕಟ್ಟಿಸಿದ್ದಾರೆಂದುಕೊಳ್ಳಿ. ಹೆಸರಾಂತ ಸೀರೆ ಅಂಗಡಿಯವರು ಬಂದರೆ ಗಿರಾಕಿಗಳು ಹೆಚ್ಚುತ್ತಾರೆ, ಉಳಿದ ಮಳಿಗೆಗಳೂ ಭರ್ತಿಯಾಗುತ್ತವೆ ಎಂದು ಅವರಿಗೆ ಎರಡು ವರ್ಷ ಅರ್ಧ ಬಾಡಿಗೆ ಸಾಕೆನ್ನುತ್ತಾರೆ. ಮಾಲೀಕರ ಪೆಟ್ಟಿಗೆಯಿಂದ ಒಂದು ರೂಪಾಯಿಯೂ ಹೊರಗೆ ಹೋಗಿಲ್ಲ. ಆದರೂ ಕಾವಲುಗಾರನ ಸಂಬಳ, ನೀರು, ದೀಪದ ಖರ್ಚು ನಿಲ್ಲುವುದಿಲ್ಲ. ಅದನ್ನು ಪೂರ್ತಿ ಬಾಡಿಗೆ ಕೊಡುವ ಮೂಲೆಯ ಔಷಧಿ ಅಂಗಡಿಯವರೇ ಹೊರಬೇಕು. ಸೀರೆ ಅಂಗಡಿಯಿಂದ ಅವರ ವ್ಯಾಪಾರವೂ ಏರಿದರೆ ಸರಿ. ಏರದಿದ್ದರೆ ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ.

ನ್ಯೂಯಾರ್ಕಿನ ಲೆಕ್ಕವೂ ಇದೇ ಬಗೆಯದು. ಪ್ರತಿಯೊಂದು ಉದ್ಯೋಗಕ್ಕೆ 48,000 ಡಾಲರಿನಂತೆ ರಾಜ್ಯ ತೆರಿಗೆಯಲ್ಲಿ ರಿಯಾಯಿತಿ. 25,000 ಉದ್ಯೋಗಕ್ಕೆ ಗುಣಿಸಿದರೆ 120 ಕೋಟಿ ಡಾಲರ್. ಕಟ್ಟಡಕ್ಕೆಂದು 50.5 ಕೋಟಿವರೆಗೆ ಸಹಾಯಧನ. ಇನ್ನು ನಗರದ ಪಾಲು. ಮ್ಯಾನ್‌ಹಟನ್ನಿನ ಆಚೆಯ ಭಾಗಗಳಿಗೆ ಹೋಗುವ ಕಂಪೆನಿಗಳಿಗೆ ನೌಕರನೊಬ್ಬನಿಗೆ ವರ್ಷಕ್ಕೆ 3,000 ಡಾಲರಿನಂತೆ 12 ವರ್ಷ ತೆರಿಗೆ ಬಿಡುವ ಯೋಜನೆ ಮೊದಲೇ ಇತ್ತು. ಅದರಿಂದ 89.7 ಕೋಟಿ, ಆಸ್ತಿ ತೆರಿಗೆಯ ರಿಯಾಯಿತಿಯಿಂದ 38.6 ಕೋಟಿ ಎಂದು ಅಂದಾಜು. ಎಲ್ಲ ಕೂಡಿದರೆ 300 ಕೋಟಿಗೆ ಸ್ವಲ್ಪ ಕಡಿಮೆ.

ಇದರಲ್ಲಿ ಬಹುಪಾಲು ಖಜಾನೆಯಿಂದ ತೆಗೆದು ಕೊಡುವ ನಗದಲ್ಲ. ಕಂಪೆನಿ ಬಂದರೆ ಸಿಗಬಹುದಾಗಿದ್ದ ತೆರಿಗೆಯಲ್ಲಿ ಬಿಟ್ಟುಕೊಡುವ ಭಾಗ. ಹಾಗೆಂದು ಅದು ಪುಕ್ಕಟೆಯೂ ಅಲ್ಲ. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳದೆ ಅಲ್ಲಿನ ವಾದ ಅನೇಕ ಸಲ ದಾರಿ ತಪ್ಪಿತು.

ಎರಡು ಕಡೆಯ ಮಾತು

ಗವರ್ನರ್ ಆಂಡ್ರ್ಯೂ ಕ್ಯೂಮೊ ಮತ್ತು ಮೇಯರ್ ಬಿಲ್ ಡಿ ಬ್ಲಾಸಿಯೊ ಒಪ್ಪಂದದ ಬೆನ್ನಿಗೆ ನಿಂತರು. 25 ವರ್ಷಗಳಲ್ಲಿ 2,750 ಕೋಟಿ ಡಾಲರ್ ತೆರಿಗೆ ಬರುತ್ತದೆ, ಒಂದು ಡಾಲರ್ ಬಿಟ್ಟರೆ ಒಂಬತ್ತು ಮರಳುತ್ತದೆ ಎಂಬುದು ಅವರ ವಾದ. ಆವರಣದಲ್ಲಿ ಸರ್ಕಾರಿ ಶಾಲೆಯೊಂದಕ್ಕೆ ಜಾಗ ಬಿಡುವುದಾಗಿ ಕಂಪೆನಿಯೂ ಒಪ್ಪಿತ್ತು. ಕಟ್ಟಡ ಕಾರ್ಮಿಕರ ಸಂಘಗಳು ಸ್ವಾಗತಿಸಿದವು. ಕ್ವೀನ್ಸ್‌ಬ್ರಿಜ್‌ನ ಬಾಡಿಗೆದಾರರ ಮುಖಂಡರಲ್ಲಿ ಕೆಲವರು, ತಮ್ಮ ಮಕ್ಕಳಿಗೆ ಹೊಸ ಬಾಗಿಲು ತೆರೆಯುವುದಾದರೆ ತೆರೆಯಲಿ ಎಂದು ಬಯಸಿದರು.

ವಿರೋಧಿಗಳ ಮಾತೂ ಹಗುರವಾಗಿರಲಿಲ್ಲ. ನಗರದ ಸುರಂಗ ರೈಲು ಎಷ್ಟು ಕೆಟ್ಟಿತ್ತೆಂದರೆ 2017ರಲ್ಲಿ ಗವರ್ನರರೇ ಅದಕ್ಕೆ ತುರ್ತುಸ್ಥಿತಿ ಘೋಷಿಸಿದ್ದರು. ಹೀಗಿರುವಾಗ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದ ಜೆಫ್ ಬೆಜೋಸರ ಕಂಪೆನಿಗೆ ರಿಯಾಯಿತಿ ಏಕೆ? ಬಾಡಿಗೆ ಏರಿದರೆ ಈಗಿರುವವರು ಎಲ್ಲಿಗೆ ಹೋಗಬೇಕು? ಜನ ಹೆಚ್ಚಿದರೆ ಶಾಲೆ, ರೈಲು, ಒಳಚರಂಡಿಗಳ ಖರ್ಚೂ ಹೆಚ್ಚುತ್ತದಲ್ಲವೆ? ಒಪ್ಪಂದದ ಕಾಗದಗಳಲ್ಲಿ ಹೆಲಿಕಾಪ್ಟರ್ ಇಳಿದಾಣದ ಪ್ರಸ್ತಾಪವನ್ನು ಓದಿದವರಿಗಂತೂ ಮೈ ಉರಿಯಿತು.

ಎಲ್ಲಕ್ಕಿಂತ ಹೆಚ್ಚು ನೋಯಿಸಿದ್ದು ಗುಟ್ಟು. ಮಾತುಕತೆ ಮುಚ್ಚಿದ ಬಾಗಿಲ ಹಿಂದೆ ನಡೆದಿತ್ತು. ವಿಷಯ ಹೊರಗೆ ಬಿಡದಂತೆ ಅಧಿಕಾರಿಗಳಿಂದ ಸಹಿ ಹಾಕಿಸಲಾಗಿತ್ತು. ನಗರಸಭೆಯ ಮಾಮೂಲಿನ ಭೂಬಳಕೆ ಪರಿಶೀಲನೆಯನ್ನು ದಾಟಿ ರಾಜ್ಯದ ಅಧಿಕಾರದಲ್ಲಿ ಯೋಜನೆ ಸಾಗಬೇಕಿತ್ತು. ಅಲ್ಲಿನ ಸೆನೆಟರ್ ಮೈಕೆಲ್ ಜಿಯಾನಾರಿಸ್ ಮತ್ತು ನಗರಸಭೆ ಸದಸ್ಯ ಜಿಮ್ಮಿ ವ್ಯಾನ್ ಬ್ರಾಮರ್ 2017ರಲ್ಲಿ ಕಂಪೆನಿಯನ್ನು ಸ್ವಾಗತಿಸುವ ಪತ್ರಕ್ಕೆ ಸಹಿ ಮಾಡಿದ್ದವರೇ. ಷರತ್ತುಗಳು ಬಯಲಾದ ಮೇಲೆ ಇಬ್ಬರೂ ವಿರೋಧಕ್ಕೆ ತಿರುಗಿದರು. ಯೋಜನೆಗೆ ತಡೆ ಹಾಕಬಲ್ಲ ರಾಜ್ಯ ಮಂಡಳಿಗೆ 2019ರ ಫೆಬ್ರವರಿಯಲ್ಲಿ ಜಿಯಾನಾರಿಸರ ಹೆಸರು ಸೂಚಿತವಾಯಿತು. ಕೆಲವೇ ದಿನಗಳಲ್ಲಿ ಕಂಪೆನಿ ಗಂಟುಮೂಟೆ ಕಟ್ಟಿತು.

ಜನಾಭಿಪ್ರಾಯ ಹೇಗಿತ್ತು? 2018ರ ಡಿಸೆಂಬರಿನಲ್ಲಿ ಕ್ವಿನಿಪಿಯಾಕ್ ವಿಶ್ವವಿದ್ಯಾಲಯ ನಡೆಸಿದ ಸಮೀಕ್ಷೆಯಲ್ಲಿ ನಗರದ ಮತದಾರರ ಪೈಕಿ ಶೇ. 57 ಮಂದಿ ಕಂಪೆನಿ ಬರಲಿ ಎಂದರು. ರಿಯಾಯಿತಿ ಕೊಡಬಹುದೇ ಎಂದು ಕೇಳಿದಾಗ ಮಾತ್ರ ಒಪ್ಪಿದವರು ಶೇ. 46, ಒಪ್ಪದವರು ಶೇ. 44. ಅಂದರೆ ಜನರಿಗೆ ಉದ್ಯೋಗ ಬೇಕಿತ್ತು. ಬೆಲೆಯ ಬಗ್ಗೆ ಅನುಮಾನವಿತ್ತು.

ಕೊಡದಿದ್ದರೂ ಬರುತ್ತಿದ್ದರೆ?

ಅರ್ಥಶಾಸ್ತ್ರಜ್ಞರು ಕೇಳುವ ಮೊದಲ ಪ್ರಶ್ನೆಯೇ ಇದು. ಅಮೆರಿಕದ ಅಪ್‌ಜಾನ್ ಸಂಸ್ಥೆಯ ಟಿಮೊಥಿ ಬಾರ್ಟಿಕ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಒಂದು ಅಂದಾಜು ಮಾಡಿದರು. ರಿಯಾಯಿತಿ ಪಡೆದ ಕಂಪೆನಿಗಳಲ್ಲಿ, ಅದೇ ಕಾರಣಕ್ಕೆ ಆ ಜಾಗವನ್ನು ಆರಿಸಿಕೊಂಡವು ನೂರಕ್ಕೆ 2ರಿಂದ 25 ಮಾತ್ರ. ಉಳಿದವು ಹೇಗಿದ್ದರೂ ಬರುತ್ತಿದ್ದವು.

ಮುಂದೆ ನಡೆದದ್ದು ಈ ಮಾತಿಗೆ ಅರ್ಧ ಪುಷ್ಟಿ ಕೊಟ್ಟಿತು. 2019ರ ಡಿಸೆಂಬರಿನಲ್ಲಿ ಅಮೆಜಾನ್ ಮ್ಯಾನ್‌ಹಟನ್ನಿನ ಹಡ್ಸನ್ ಯಾರ್ಡ್ಸ್‌ನಲ್ಲಿ 1,500ಕ್ಕೂ ಹೆಚ್ಚು ನೌಕರರಿಗಾಗಿ ಜಾಗ ಬಾಡಿಗೆಗೆ ಹಿಡಿಯಿತು, ವಿಶೇಷ ರಿಯಾಯಿತಿ ಏನೂ ಇಲ್ಲದೆ. 2020ರಲ್ಲಿ ಫಿಫ್ತ್ ಅವೆನ್ಯೂ ರಸ್ತೆಯ ಹಳೆಯ ಮಳಿಗೆ ಕಟ್ಟಡವೊಂದನ್ನೂ ಕೊಂಡುಕೊಂಡಿತು. 'ನಾವು ಹೇಳಲಿಲ್ಲವೆ?' ಎಂದರು ವಿರೋಧಿಗಳು. 'ಆದರೆ 25,000 ಎಲ್ಲಿ, ಇಷ್ಟು ಎಲ್ಲಿ? ಬಂದದ್ದಾದರೂ ಕ್ವೀನ್ಸ್‌ಗಲ್ಲವಲ್ಲ?' ಎಂದರು ಬೆಂಬಲಿಗರು. ಎರಡರಲ್ಲೂ ಸತ್ಯವಿದೆ.

ಕೂಸು ಹುಟ್ಟುವ ಮುನ್ನ

ಕಂಪೆನಿಗಳು ಹೇಳುವ ಉದ್ಯೋಗದ ಸಂಖ್ಯೆ ಕೇವಲ ಭರವಸೆ. ವಿಸ್ಕಾನ್ಸಿನ್ ರಾಜ್ಯ ಇದನ್ನು ಕಷ್ಟದಿಂದ ಕಲಿಯಿತು. 2017ರಲ್ಲಿ ಫಾಕ್ಸ್‌ಕಾನ್ ಕಂಪೆನಿ 13,000 ಉದ್ಯೋಗ ಕೊಡುವುದಾಗಿ ಹೇಳಿದಾಗ ರಾಜ್ಯ ಸುಮಾರು 300 ಕೋಟಿ ಡಾಲರುಗಳ ಪ್ರೋತ್ಸಾಹಧನಕ್ಕೆ ಒಪ್ಪಿತ್ತು. 2021ರ ಹೊಸ ಒಪ್ಪಂದದಲ್ಲಿ ಅದು 1,454 ಉದ್ಯೋಗಕ್ಕೂ 8 ಕೋಟಿ ಡಾಲರಿಗೂ ಇಳಿಯಿತು. ಕೆಲಸ ಕೊಟ್ಟರೆ ಮಾತ್ರ ಹಣವೆಂಬ ಷರತ್ತಿದ್ದುದರಿಂದ ರಾಜ್ಯದ ಖಜಾನೆ ಬಹುಮಟ್ಟಿಗೆ ಉಳಿಯಿತು. ಆದರೆ ಮೌಂಟ್ ಪ್ಲೆಸೆಂಟ್ ಎಂಬ ಊರಿನ ಆಡಳಿತ ಅಷ್ಟರಲ್ಲಿ ಸಾಲ ಮಾಡಿ ಜಮೀನು, ರಸ್ತೆ, ನೀರಿನ ಕೊಳವೆಗಳಿಗೆ ಖರ್ಚು ಮಾಡಿಯಾಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಕಥೆ.

ವರ್ಜೀನಿಯ ಬೇರೆ ದಾರಿ ಹಿಡಿಯಿತು. ಅಲ್ಲಿಯೂ ಉದ್ಯೋಗ ಸೃಷ್ಟಿಯಾದ ಮೇಲಷ್ಟೇ ಹಣ. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ವಿಜ್ಞಾನದಲ್ಲಿ 20 ವರ್ಷಗಳಲ್ಲಿ 25,000 ಹೆಚ್ಚುವರಿ ಪದವೀಧರರನ್ನು ತಯಾರಿಸುವ ಯೋಜನೆ ಹಾಕಿತು. ವರ್ಜೀನಿಯ ಟೆಕ್ ವಿಶ್ವವಿದ್ಯಾಲಯ ಅಲೆಕ್ಸಾಂಡ್ರಿಯದಲ್ಲಿ ಹೊಸ ಆವರಣ ಕಟ್ಟಲು ಹೊರಟಿತು. ಆರ್ಲಿಂಗ್ಟನ್ನಿನಲ್ಲಿ ಅಮೆಜಾನ್ ಕಟ್ಟಡಗಳ ಮೊದಲ ಹಂತ 2023ರಲ್ಲಿ ತೆರೆಯಿತು. ಅದೇ ವರ್ಷ ಎರಡನೆಯ ಹಂತದ ಕೆಲಸವನ್ನು ಕಂಪೆನಿ ಮುಂದೂಡಿತು. ಕಂಪೆನಿಯ ಯೋಜನೆ ಹಿಂದೆ ಮುಂದೆ ಆಗಬಹುದು. ಆದರೆ ಕಲಿತ ಹುಡುಗ ಹುಡುಗಿಯರು ಯಾವ ಕಂಪೆನಿಗಾದರೂ ಬೇಕಾಗುತ್ತಾರೆ.

ನಮ್ಮ ಅನುಭವ

ಇದು ಅಮೆರಿಕದವರ ತಲೆನೋವು ಮಾತ್ರವಲ್ಲ. ಟಾಟಾದ ನ್ಯಾನೋ ಕಾರು ಕಾರ್ಖಾನೆ 2008ರಲ್ಲಿ ಪಶ್ಚಿಮ ಬಂಗಾಳದ ಸಿಂಗೂರಿನಿಂದ ಹೊರಟಾಗ ಹಲವು ರಾಜ್ಯಗಳು ಕೈಬೀಸಿ ಕರೆದಿದ್ದವು. ಕರ್ನಾಟಕವೂ ಧಾರವಾಡದ ಕಡೆ ಜಾಗ ತೋರಿಸಿತ್ತು. ಕಾರ್ಖಾನೆ ಹೋದದ್ದು ಗುಜರಾತಿನ ಸಾನಂದಕ್ಕೆ. ಅದಕ್ಕೂ ಮೊದಲು, ಸಾಫ್ಟ್‌ವೇರ್ ರಫ್ತಿಗೆ ಕೇಂದ್ರ ಸರ್ಕಾರ ಕೊಟ್ಟ ಆದಾಯ ತೆರಿಗೆ ವಿನಾಯಿತಿಯ ನೆರಳಿನಲ್ಲಿ ಬೆಂಗಳೂರಿನ ಅನೇಕ ಕಂಪೆನಿಗಳು ಬೆಳೆದವು. ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕುಗಳ ಆ ವಿನಾಯಿತಿ 2011ರ ಮಾರ್ಚಿಗೆ ಮುಗಿಯಿತು. ಕಂಪೆನಿಗಳು ಊರು ಬಿಟ್ಟು ಹೋಗಲಿಲ್ಲ. ಆ ಹೊತ್ತಿಗೆ ಅವುಗಳನ್ನು ಹಿಡಿದಿಟ್ಟಿದ್ದು ರಿಯಾಯಿತಿಯಲ್ಲ. ಇಲ್ಲಿನ ಇಂಜಿನಿಯರುಗಳು, ಅವರನ್ನು ತಯಾರಿಸಿದ ಕಾಲೇಜುಗಳು.

ಬಿಟ್ಟುಕೊಟ್ಟ ತೆರಿಗೆಯೂ ಒಂದು ಬಗೆಯ ಖರ್ಚೇ ಎಂಬ ಅರಿವು ಸರ್ಕಾರಗಳಿಗೂ ಬಂದಿದೆ. ಭಾರತದಲ್ಲಿ 2006ರಿಂದ ಕೇಂದ್ರ ಬಜೆಟ್ಟಿನ ಜೊತೆ ಇದರ ಲೆಕ್ಕ ಕೊಡುವ ಪದ್ಧತಿ ಬಂತು. ಅಮೆರಿಕದ ಸ್ಥಳೀಯ ಆಡಳಿತಗಳೂ ಇಂಥ ರಿಯಾಯಿತಿಗಳನ್ನು ವಾರ್ಷಿಕ ಲೆಕ್ಕಪತ್ರದಲ್ಲಿ ತೋರಿಸಬೇಕೆಂಬ ನಿಯಮ 2015ರಲ್ಲಿ ಹೊರಟಿತು. ಅಂಥ ಪುಟಗಳನ್ನು ತೆರೆದು ನೋಡುವುದು ಅರ್ಥಶಾಸ್ತ್ರ ಓದುವ ವಿದ್ಯಾರ್ಥಿಗೆ ಪಠ್ಯಪುಸ್ತಕದಷ್ಟೇ ಉಪಯುಕ್ತ.

ಮುಂದೆ ಯಾವುದೋ ದೊಡ್ಡ ಕಂಪೆನಿ ನಮ್ಮ ಜಿಲ್ಲೆಗೆ ಬರುವ ಸುದ್ದಿ ಓದಿದಾಗ ಮೊದಲು ಸಂತೋಷಪಡೋಣ, ತಪ್ಪಿಲ್ಲ. ಆಮೇಲೆ ಕೆಲವು ಪ್ರಶ್ನೆ ಕೇಳೋಣ. ಒಂದು ಉದ್ಯೋಗಕ್ಕೆ ಬಿಟ್ಟುಕೊಡುವ ಹಣ ಎಷ್ಟು? ಕೆಲಸ ಕೊಡದಿದ್ದರೆ ಹಣ ವಾಪಸು ಬರುವುದೆ? ಕೆಲಸ ಊರಿನ ಮಕ್ಕಳಿಗೆ ಸಿಗುವಂತೆ ಅವರನ್ನು ತಯಾರು ಮಾಡುವವರು ಯಾರು? ಈ ಪ್ರಶ್ನೆಗಳು ಸಹಿ ಬೀಳುವ ಮುನ್ನ ಕೇಳಬೇಕಾದವು. ನ್ಯೂಯಾರ್ಕಿನಲ್ಲಿ ಅವುಗಳನ್ನು ಕೇಳಿದ್ದು ಸಹಿಯಾದ ಮೇಲೆ. ಕಂಪೆನಿ ಸಿಟ್ಟಾಗಿ ಹೊರಟುಹೋಯಿತು. ಕ್ವೀನ್ಸ್‌ಬ್ರಿಜ್‌ನ ಮಕ್ಕಳಿಗೆ ಯಾವ ಕೆಲಸ ಸಿಗುತ್ತಿತ್ತು ಎಂಬುದು ತಿಳಿಯುವ ಮೊದಲೇ ಮಾತು ಮುಗಿದುಹೋಗಿತ್ತು.