ಸಾಲು ಮುರಿದರೆ ಲೆಕ್ಕವೂ ತಪ್ಪೀತು

ವರ್ತಕ ಬಾಂಧವರು ಬಿಲ್ಲಿನ ಮೊತ್ತವನ್ನು ಎರಡೆರಡು ಬಾರಿ ಪರಿಶೀಲಿಸುತ್ತಾರೆ. ಆದರೆ ಆ ಅಂಕಿ ಸಾಲಿನ ಕೊನೆಯಲ್ಲಿ ಹೇಗೆ ಒಡೆದಿದೆ ಎಂಬುದನ್ನು ಗಮನಿಸುವವರು ವಿರಳ.

2023ರಲ್ಲಿ ಚನ್ನರಾಯಪಟ್ಟಣದ ಕೊಬ್ಬರಿ ವರ್ತಕರೊಬ್ಬರು ವರ್ಡ್ ತಂತ್ರಾಂಶದಲ್ಲಿ ಬಿಲ್ಲು ಸಿದ್ಧಪಡಿಸಿದ್ದರು. ಕಿರಿದಾದ ಅಂಕಣದಲ್ಲಿ 'ಸಿಕೆ-118' ಎಂಬ ಸಂಖ್ಯೆ ಅಡ್ಡಗೆರೆಯ ಬಳಿ ಒಡೆದು, '118' ಕೆಳಸಾಲಿಗೆ ಇಳಿದಿತ್ತು. ಖರೀದಿದಾರರ ಗುಮಾಸ್ತರು ಬರಿಯ 118 ಎಂದು ದಾಖಲಿಸಿಕೊಂಡರು. ಜಿಎಸ್‌ಟಿಆರ್-2ಬಿ ಪಟ್ಟಿಯೊಂದಿಗೆ ಅದು ತಾಳೆಯಾಗಲಿಲ್ಲ. ಹಣ ಪಾವತಿ ವಾರಗಟ್ಟಲೆ ತಡೆಯಲ್ಪಟ್ಟಿತು. 2022ರ ಜನವರಿ 1ರಿಂದ ಹೂಡುವಳಿ ತೆರಿಗೆ ಜಮೆಗೆ ಮಾರಾಟಗಾರರು ಸಲ್ಲಿಸಿದ ಬಿಲ್ಲಿನ ವಿವರವೇ ಆಧಾರವಾಗಿರುವುದರಿಂದ, ಖರೀದಿದಾರರ ಹಿಂಜರಿಕೆ ಸಹಜವೇ ಆಗಿತ್ತು.

ಪರಿಹಾರ ಸುಲಭ. ಕಂಟ್ರೋಲ್, ಶಿಫ್ಟ್ ಕೀಲಿಗಳೊಂದಿಗೆ ಅಡ್ಡಗೆರೆಯನ್ನು ಒತ್ತಿದರೆ ಒಡೆಯದ ಅಡ್ಡಗೆರೆ ಮೂಡುತ್ತದೆ. ಅದೇ ಎರಡು ಕೀಲಿಗಳೊಂದಿಗೆ ಸ್ಪೇಸ್ ಒತ್ತಿದರೆ ಒಡೆಯದ ತೆರವು ದೊರೆಯುತ್ತದೆ, 'ರೂ. 4,50,000', '10 ಲಕ್ಷ', '25 ಕ್ವಿಂಟಾಲ್' ಮುಂತಾದವು ಆಗ ಬೇರ್ಪಡುವುದಿಲ್ಲ. ಲಿಬ್ರೆ ಆಫೀಸ್ ರೈಟರ್‌ನಲ್ಲಿಯೂ ಇವೇ ಕೀಲಿಗಳು.

ಹೊಳೆನರಸೀಪುರ, ಚನ್ನರಾಯಪಟ್ಟಣದಂತಹ ದೀರ್ಘ ಹೆಸರುಗಳಿಗೆ ಬೇರೆ ಉಪಾಯವಿದೆ. 'ಹೊಳೆ' ಮತ್ತು 'ನರಸೀಪುರ', 'ಚನ್ನರಾಯ' ಮತ್ತು 'ಪಟ್ಟಣ' ಇವುಗಳ ನಡುವೆ ಕಂಟ್ರೋಲ್ ಹಾಗೂ ಅಡ್ಡಗೆರೆಯನ್ನು ಒತ್ತಬೇಕು. ಪದ ಅಲ್ಲಿ ಒಡೆದಾಗ ಮಾತ್ರ ಗೆರೆ ಮುದ್ರಣವಾಗುತ್ತದೆ. ಸಾಮಾನ್ಯ ಗೆರೆಯನ್ನೇ ಹಾಕಿದರೆ, ವಿಳಾಸ ತಿದ್ದಿದ ಬಳಿಕ ಅದು ಸಾಲಿನ ನಡುವೆ ಉಳಿದು ಅಭಾಸವಾಗುತ್ತದೆ.

ವಿಳಾಸದ ಸಾಲು ಬದಲಿಸಲು ಶಿಫ್ಟ್ ಮತ್ತು ಎಂಟರ್ ಬಳಸುವುದು ಲೇಸು. ಹೊಸ ಪ್ಯಾರಾದ ಅಂತರ ನಡುವೆ ಬರುವುದಿಲ್ಲ.

ಒಂದು ಎಚ್ಚರಿಕೆ ಅಗತ್ಯ. ಒಡೆಯದ ಅಡ್ಡಗೆರೆ ಕಣ್ಣಿಗೆ ಒಂದೇ ಆಗಿ ಕಂಡರೂ ಗಣಕಕ್ಕೆ ಬೇರೆಯೇ ಚಿಹ್ನೆ. ವರ್ಡ್ ಕೆಲವೊಮ್ಮೆ ತಾನಾಗಿಯೇ ಗೆರೆಯನ್ನು ಉದ್ದವಾಗಿಸುವುದೂ ಉಂಟು. ಜಿಎಸ್‌ಟಿ ನಿಯಮ 46ರಂತೆ ಬಿಲ್ಲಿನ ಸಂಖ್ಯೆ 16 ಚಿಹ್ನೆಗಳನ್ನು ಮೀರಬಾರದು; ಅಕ್ಷರ, ಅಂಕಿಗಳ ಜೊತೆಗೆ ಅಡ್ಡಗೆರೆ ಮತ್ತು ಓರೆಗೆರೆಗೆ ಅವಕಾಶವಿದೆ. ಆದುದರಿಂದ ಜಾಲತಾಣಕ್ಕಾಗಲಿ ಲೆಕ್ಕದ ತಂತ್ರಾಂಶಕ್ಕಾಗಲಿ ಸಂಖ್ಯೆಯನ್ನು ವರ್ಡ್‌ನಿಂದ ನಕಲಿಸದೆ, ಸಾಮಾನ್ಯ ಗೆರೆಯೊಂದಿಗೆ ಕೈಯಾರೆ ಬೆರಳಚ್ಚಿಸುವುದು ಕ್ಷೇಮ.

ಕೊನೆಯದಾಗಿ, ಬೇರೆ ಗಣಕದಲ್ಲಿ ಅದೇ ಅಕ್ಷರಶೈಲಿ ಇಲ್ಲದಿದ್ದರೆ ಸಾಲುಗಳು ಮತ್ತೆ ಸ್ಥಾನ ಬದಲಿಸುತ್ತವೆ. ಆದ್ದರಿಂದ ಬಿಲ್ಲನ್ನು ಪಿಡಿಎಫ್ ರೂಪದಲ್ಲಿಯೇ ಕಳುಹಿಸುವುದು ಉಚಿತ. ಅರ್ಧ ನಿಮಿಷದ ಈ ಜಾಗರೂಕತೆಯು ತಿಂಗಳ ಬಾಕಿಯನ್ನು ಸಕಾಲದಲ್ಲಿ ವಸೂಲು ಮಾಡಿಕೊಡಬಲ್ಲದು.